ಪರೀಕ್ಷೆಗೆ ಬಾರದ ಪದ

ನಮ್ಮ ಎಂಟನೇ ಕ್ಲಾಸಿನ ಮೇಷ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಇಂಗ್ಲಿಷ್ ಪದ ಬರೆದು ನಮ್ಮ ಕೈಲಿ ಕೂಗಿಸುತ್ತಿದ್ದರು. ಎಜುಕೇಷನ್ ಅಂದರೆ ವಿದ್ಯೆ, ಸ್ಟಡಿ ಅಂದರೆ ಓದು, ಎಕ್ಸಾಮಿನೇಷನ್ ಅಂದರೆ ಪರೀಕ್ಷೆ. ಆಮೇಲೆ ಪಾಸ್, ಪ್ರಮೋಷನ್, ಸ್ಕಾಲರ್‌ಷಿಪ್. ಎಲ್ಲ ಒಳ್ಳೊಳ್ಳೆಯ ಪದಗಳೇ! ಮೂಗಿಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ನಮ್ಮೂರು ತಿಗನಾರೆಯಲ್ಲಿ ರಾಗಿ ತೆನೆ ಹಾಲುಗಟ್ಟಿತೆಂದರೆ ಮನೆಗೊಂದು ಮಗು ಹೊಲದ ಅಟ್ಟಣೆ ಹತ್ತಿ ಕೂರಬೇಕು. ಹಂದಿಯೋ ಆನೆಯೋ ಬಂದರೆ ತಗಡು ಬಡಿಯಬೇಕು. ನಮ್ಮ ಮನೆಯಲ್ಲಿ ಆ ಮಗು ನಾನು. ಎರಡು ತಿಂಗಳು ಸ್ಕೂಲಿಗೆ ಹೋಗಲಿಲ್ಲ. ಒಕ್ಕಣೆ ಮುಗಿಸಿಕೊಂಡು ಹೋದಾಗ ಮೇಷ್ಟರು ಏನೂ ಅನ್ನದೆ ಒಳಗೆ ಕೂರಿಸಿದರು. ವರ್ಷದ ಪರೀಕ್ಷೆ ಬರೆದೆ. ಪಾಸಾದೆ ಅಂತ ಅವರ ಬಾಯಲ್ಲೇ ಕೇಳಿದೆ.

ನಮ್ಮೂರಲ್ಲಿ ಎಂಟರವರೆಗೇ ಇದ್ದದ್ದು; ಒಂಬತ್ತಕ್ಕೆ ತಾಳವಾಡಿ ಸ್ಕೂಲಿಗೆ ಸೇರಬೇಕಿತ್ತು. ಮೇಷ್ಟರು ಕೊಟ್ಟ ಟೀಸಿಯನ್ನು ಅಪ್ಪ ಎರಡೂ ಕೈಲಿ ಹಿಡಿದು ತಂದ. ಇಂಗ್ಲಿಷಿನಲ್ಲಿ ಬರೆದದ್ದು ಕೆಟ್ಟದ್ದಿರಲಾರದು ಅಂತ ಅವನ ನಂಬಿಕೆ. ಲಿಂಗದ ಮುಂದಿಟ್ಟು, ವಿಭೂತಿ ಹಚ್ಚಿ, ಕೇರಿಗೆಲ್ಲ ಬೆಲ್ಲ ಹಂಚಿದ. ಅದರಲ್ಲಿ ‘ಡಿಸ್ಕಂಟಿನ್ಯೂಡ್’ ಅಂತಿದ್ದದ್ದನ್ನು ನಾನೂ ಓದಿದ್ದೆ. ಪ್ರಮೋಷನ್ನಿಗಿಂತ ಉದ್ದ ಇದೆ, ಇನ್ನೂ ದೊಡ್ಡದೇ ಇರಬೇಕು ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ತಾಳವಾಡಿ ಸ್ಕೂಲಿನ ಗುಮಾಸ್ತ ವಿಭೂತಿ ಕೊಡವಿ ಓದಿದ.

“ಇವ್ಳು ಎಂಟ್ನೇ ಕ್ಲಾಸ ಅರ್ಧಕ್ಕೇ ಬುಟ್ಬುಟ್ಟವ್ಳೆ ಅಂತ ಬರದದೆ. ಸೇರಿಸ್ಕಳಕಾಗಕಿಲ್ಲ.”

“ಇಲ್ಲ ಸಾಮಿ, ಪಾಸಾಗವ್ಳೆ. ಪೂಜೆನೂ ಮಾಡಿವ್ನಿ,” ಅಂದ ಅಪ್ಪ.

ಅಲ್ಲಿದ್ದವರೆಲ್ಲ ನಕ್ಕರು. ಆ ನಗು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಾರನೆಯ ದಿನ ಮೇಷ್ಟರ ಮುಂದೆ ನಿಂತೆವು.

“ನೀ ಸ್ಕೂಲ್ಗೆ ಬರ್ದೇ ಇದ್ದಾಗ್ಲೇ ರಿಜಿಸ್ಟ್ರಲ್ಲಿ ನಿನ್ನೆಸ್ರು ಒಡದಾಕ್ಬುಟ್ಟಿದ್ದೆ ಕಣವ್ವ. ಈಗ ರಿಜಿಸ್ಟ್ರು ತಿದ್ದುದ್ರೆ ಇನ್ಸ್‌ಪೆಕ್ಟ್ರು ನನ್ನೇ ಕೇಳ್ತರೆ. ಇನ್ನೊಂದ್ ವರ್ಸ ಎಂಟ್ರಲ್ಲೇ ಕೂತ್ಕೊ.”

“ಆ ಪದ ನಮ್ಗ್ಯಾಕೆ ಕಲಿಸ್ನಿಲ್ಲ ಸಾ?”

“ಅದು ಪರೀಕ್ಷೆಗೆ ಬರಾಕಿಲ್ಲ.”

ನಾನು ಕಾದ ಆ ಹೊಲದಿಂದಲೇ ಪ್ರತಿ ಸುಗ್ಗಿಗೂ ಅವರ ಮನೆಗೆ ಒಂದು ಮೂಟೆ ಹೋಗುತ್ತಿತ್ತು. ರಾಗಿ ಬೇಕು, ಕಾದವಳ ಹೆಸರು ಬೇಡ! ಅಪ್ಪ ಟೀಸಿ ಮಡಚಿ ಪಂಚೆಗೆ ಸಿಕ್ಕಿಸಿಕೊಂಡ. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಮತ್ತೆ ಅದೇ ಎಂಟು, ಅದೇ ಮೇಷ್ಟರು, ಅದೇ ಕೂಗಾಟ. ನಾನು ಬಾಯಿ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನನ್ನ ಹಾಗೇ ಕಾವಲಿಗೆ ಹೋಗುವ ಆರು ಹುಡುಗಿಯರನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಆ ಒಂದು ಪದ ಕಲಿಸಿದೆ, ಅರ್ಥ ಸಮೇತ. ವ್ಯಾಕರಣ ಪುಸ್ತಕದ ಕೊನೆಯಲ್ಲಿ ಲೀವ್ ಲೆಟರಿನ ಮಾದರಿಯೊಂದಿತ್ತು. ಅದರಲ್ಲಿ ಜ್ವರ ಅಂತಿದ್ದ ಕಡೆ ರಾಗಿ ಕಾವಲು ಅಂತ ಹಾಕಿ, ನನ್ನನ್ನೂ ಸೇರಿಸಿ ಏಳು ಜನಕ್ಕೂ ನಾನೇ ಬರೆದೆ. ತೆನೆ ಹಾಲುಗಟ್ಟಿದ ವಾರ ಏಳೂ ಜನ ಲೆಟರ್ ಹಿಡಿದು ಮೇಷ್ಟರ ಮೇಜಿನ ಮುಂದೆ ಸಾಲಾಗಿ ನಿಂತೆವು.

“ಇದೇನ್ರವ್ವಾ? ಇದ್ನ ನಾನ್ಯಾವಾಗ ಕಲಿಸ್ದೆ?” ಅಂದರು ಮೇಷ್ಟರು.

“ನೀವು ಕಲಿಸ್ನಿಲ್ಲ ಸಾ. ಇದೂ ಪರೀಕ್ಷೆಗೆ ಬರಾಕಿಲ್ಲ,” ಅಂದೆ. “ರುಜು ಆಕಿ, ರಿಜಿಸ್ಟ್ರಿಗೆ ಅಂಟಿಸ್ಕಳಿ.”