ಹೂಂಗುಟ್ಟಿ ಕಳೆದ ಓಟು

ಶ್ರೀಲಂಕಾದ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಆ ವರ್ಷ ಜಪಾನಿನ ಇಡೀ ಕಾಶಿವಾ ನಗರದಲ್ಲಿ ನನ್ನಷ್ಟು ತಿಳಿದುಕೊಂಡವರು ಇರಲಿಲ್ಲ. ಆಗ ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಆ ದೇಶದವಳೊಬ್ಬಳು ನಮ್ಮ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಅಲ್ಲೇ ಸಂಶೋಧಕಿ, ಅವಳಿಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೆ ಅವಳ ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರೆ ಎಂದು ಗೊತ್ತಾದ ದಿನದಿಂದ ನಾನು ಅವಳಿಗೆ ಅಕ್ಕ. ಲ್ಯಾಬಿನ ಉಳಿದವರನ್ನೆಲ್ಲ ಅವಳು ಕರೆಯುತ್ತಿದ್ದುದು ಜಪಾನಿನ ರೂಢಿಯಂತೆ, ಹೆಸರಿನ ಜೊತೆಗೊಂದು ಮರ್ಯಾದೆಯ ಸಾನ್ ಸೇರಿಸಿ.

ಊರಿನಲ್ಲಿ ಆರ್ಥಿಕ ಬಿಕ್ಕಟ್ಟು ಬಂದಾಗ ಅವಳು ಇಲ್ಲಿದ್ದಳು. ಅವಳಮ್ಮ ಶಾಲೆಯ ಟೀಚರ್. ಕಾಗದವಿಲ್ಲದೆ ಪರೀಕ್ಷೆ ಮುಂದಕ್ಕೆ ಹೋಯಿತು. ಗ್ಯಾಸ್ ಸಿಲಿಂಡರಿಗಾಗಿ ಆಕೆ ಇಡೀ ದಿನ ಸಾಲಿನಲ್ಲಿ ನಿಂತರು. "ಅಮ್ಮ ಅಲ್ಲಿ ನಿಂತಿದ್ದಾಗ ನಾನು ಇಲ್ಲಿ ಕೊಂಬಿನಿ ಅಂಗಡಿಯಲ್ಲಿ ಯಾವ ತಿಂಡಿ ತಗೊಳ್ಳಲಿ ಅಂತ ಯೋಚಿಸ್ತಿದ್ದೆ, ಅಕ್ಕಾ" ಎಂದಿದ್ದಳು. ಹೊರದೇಶದಲ್ಲಿದ್ದವರು ಇದ್ದಲ್ಲಿಂದಲೇ ಮತ ಹಾಕುವ ವ್ಯವಸ್ಥೆ ಅವರಿಗಿರಲಿಲ್ಲ. ಈ ಸಲ ಊರಿಗೇ ಹೋಗಬೇಕು, ಅಮ್ಮನ ಜೊತೆ ಮತದಾನದ ಸಾಲಿನಲ್ಲಾದರೂ ನಿಲ್ಲಬೇಕು ಎಂಬುದು ಅವಳ ಹಟ.

ನನಗೋ ಚುನಾವಣೆ ಎಂದರೆ ಕ್ರಿಕೆಟ್ ಇದ್ದಂತೆ, ಯಾವ ದೇಶದ್ದಾದರೂ ಸರಿ. ಯಾರು ತೆರಿಗೆ ಇಳಿಸುತ್ತೇನೆ ಎಂದಿದ್ದಾರೆ, ಯಾರಿಗೂ ಬಹುಮತ ಬಾರದಿದ್ದರೆ ಮತದಾರರ ಎರಡನೇ ಆಯ್ಕೆಯ ಮತಗಳನ್ನು ಹೇಗೆ ಎಣಿಸುತ್ತಾರೆ, ಎಲ್ಲ ಬಾಯಿಪಾಠ. ಊಟದ ಹೊತ್ತಿನಲ್ಲಿ ಅವಳಿಗೇ ಅವಳ ದೇಶದ ಪಾಠ ಹೇಳುತ್ತಿದ್ದೆ. "ಅವಳ ಊರಿನ ಎಲೆಕ್ಷನ್ ಕಣೇ, ನಿಂಗ್ಯಾಕೆ ಇಷ್ಟು ಟೆನ್ಷನ್ನು?" ಎಂದು ಗಂಡ ರೇಗಿಸುತ್ತಿದ್ದ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಏನೋ ಹೇಳುತ್ತಿದ್ದಳು. ನಾನು ಫೋನಿನಲ್ಲಿ ಅವಳ ದೇಶದ್ದೇ ವಿಶ್ಲೇಷಣೆ ಓದುತ್ತ ಹೂಂಗುಟ್ಟುತ್ತಿದ್ದೆ. ಆ ಹೂಂಗಳಲ್ಲಿ ಒಂದು, ಮತದಾನದ ವಾರಾಂತ್ಯದಲ್ಲಿ ಅವಳ ಪ್ರಯೋಗದ ಜೀವಕೋಶಗಳನ್ನು ನೋಡಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಬಿದ್ದಿತ್ತು. ಅವಕ್ಕೆ ದಿನವೂ ಪೋಷಕ ದ್ರವ ಬದಲಿಸಬೇಕು. ತಪ್ಪಿದರೆ ಮೂರು ತಿಂಗಳ ಕೆಲಸ ಹೋದಂತೆ.

ಹೊರಡುವ ಹಿಂದಿನ ದಿನ ಅವಳು ನನ್ನ ಮೇಜಿನ ಮೇಲೆ ಒಂದು ಹಾಳೆ ತಂದಿಟ್ಟಳು. ಯಾವುದಕ್ಕೆ ಎಷ್ಟು, ಎಷ್ಟು ಗಂಟೆಗೆ, ಎಲ್ಲ ಬಣ್ಣಬಣ್ಣದ ಪೆನ್ನಿನಲ್ಲಿ. ನನಗೆ ತಲೆಬುಡ ಅರ್ಥವಾಗಲಿಲ್ಲ. ಆ ವಾರಾಂತ್ಯ, ದೂರದ ಫುಕುವೋಕಾದ ಕನ್ನಡದವರು ರಜೆ ನೋಡಿಕೊಂಡು ತಡವಾಗಿ ಇಟ್ಟುಕೊಂಡಿದ್ದ ಗಣೇಶನ ಹಬ್ಬಕ್ಕೆ ನಾವು ಹೊರಟಿದ್ದೆವು.

"ನೀವು ಹೂಂ ಅಂದ್ರಲ್ಲ, ಅಕ್ಕಾ?"

ತಪ್ಪಾಯಿತು ಎನ್ನಬೇಕಿತ್ತು. ಹಬ್ಬಕ್ಕೆ ಹೋಗುವುದಿಲ್ಲ ಎನ್ನಬೇಕಿತ್ತು. ನಾನು ಹೇಳಿದ್ದು ಇದು: "ಹೂಂ ಅಂದ್ರೆ ಒಪ್ಪಿದೆ ಅಂತಲ್ಲ ಕಣೆ. ಈ ಜಪಾನಿಯರು ಮಾತುಮಾತಿಗೂ ಹಾಯ್, ಹಾಯ್ ಅಂತ ತಲೆಯಾಡಿಸ್ತಾರಲ್ಲ, ಹಾಗೆ. ಕೇಳಿಸ್ಕೊಳ್ತಿದೀನಿ ಅಂತ, ಅಷ್ಟೆ."

ಕೇಳಿಸಿಕೊಂಡೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಆ ಕ್ಷಣ ಅವಳಿಗೂ ಗೊತ್ತಾಯಿತು. ಸಾಲು ರಜೆ, ಲ್ಯಾಬಿನಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. "ಸುಮಿಮಾಸೆನ್" ಎಂದು ಅವಳೇ ಕ್ಷಮೆ ಕೇಳಿ, ಹಾಳೆ ಮಡಚಿಕೊಂಡು ಹೋದಳು. ಸಂಜೆಯ ಹೊತ್ತಿಗೆ ವಿಮಾನದ ಟಿಕೆಟ್ ರದ್ದು ಮಾಡಿದ್ದಳು.

ಫುಕುವೋಕಾದಲ್ಲಿ ಮಂಗಳಾರತಿ ನಡೆಯುತ್ತಿದ್ದಾಗಲೂ ನನ್ನ ಕಣ್ಣು ಫೋನಿನ ಮೇಲೆ. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧದಷ್ಟು ಮತ ಬಂದಿಲ್ಲ, ಎರಡನೇ ಆಯ್ಕೆಯ ಮತ ಎಣಿಸುತ್ತಾರೆ ಎಂದು ಓದಿ ಮೈ ಜುಮ್ಮೆಂದಿತು. ತಕ್ಷಣ ಅವಳಿಗೆ ಮೆಸೇಜ್ ಹಾಕಿದೆ: ನೋಡಿದ್ಯಾ, ನಾನು ಹೇಳಿರಲಿಲ್ವಾ? ಕಳಿಸಿದ ಮೇಲೆ, ಯಾರಿಗೆ ಕಳಿಸಿದೆ ಎಂಬುದು ಹೊಳೆಯಿತು. ಅಳಿಸಲು ಹೋಗುವಷ್ಟರಲ್ಲಿ ಅವಳು ಓದಿಯಾಗಿತ್ತು. ಉತ್ತರವಾಗಿ ಒಂದು ಫೋಟೊ ಬಂತು. ಮತಗಟ್ಟೆಯ ಹೊರಗೆ ಅವಳಮ್ಮ, ಶಾಯಿ ಹಚ್ಚಿದ ಬೆರಳು ಎತ್ತಿಕೊಂಡು, ಒಬ್ಬರೇ ನಿಂತಿದ್ದರು.  ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ರಜೆ ಮುಗಿಸಿ ಬಂದು, ಮೋದಕದ ಡಬ್ಬಿ ಹಿಡಿದು ಅವಳ ಮೇಜಿನ ಬಳಿ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು "ಕೋಶಗಳು ಚೆನ್ನಾಗಿವೆಯಾ?" ಎಂಬುದಷ್ಟೇ. ಅವಳು ಎದ್ದು ನಿಂತು, ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡು, ಚೆನ್ನಾಗಿವೆ ಎಂದಳು. ಆಮೇಲೆ ಸ್ವಲ್ಪ ಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳುತ್ತ, ಮೊದಲ ಸಲ ನನ್ನ ಹೆಸರು ಹೇಳಿ ಅದಕ್ಕೊಂದು ಸಾನ್ ಸೇರಿಸಿದಳು.

ನಾನು ಹೂಂ ಎಂದೆ.