ಡೋರ್ಕಸ್ ಆಂಟಿಯ ಬಲೆಯ ಆಮೆ

ಡೋರ್ಕಸ್ ಆಂಟಿ ಹುಟ್ಟಿದ್ದು ಆಸ್ಟ್ರೇಲಿಯಾದ ಉತ್ತರ ತುದಿಯಾಚೆ, ಟಾರೆಸ್ ಜಲಸಂಧಿಯ ಒಂದು ಪುಟ್ಟ ದ್ವೀಪದಲ್ಲಿ. ಅಂಗಳ ದಾಟಿದರೆ ಸಮುದ್ರ. ಮದುವೆಯಾಗಿ ಲಂಡನ್ನಿಗೆ ಬಂದಾಗ, ದ್ವೀಪವಿಲ್ಲದೆ ಬದುಕಲಾರೆ ಎಂದು ಹಟ ಹಿಡಿದು ಐಲ್ ಆಫ್ ಡಾಗ್ಸ್ ಎಂಬ 'ನಾಯಿಗಳ ದ್ವೀಪ'ದಲ್ಲಿ ಫ್ಲ್ಯಾಟ್ ಹಿಡಿಸಿದಳು. ಬಂದು ನೋಡಿದರೆ ದ್ವೀಪವೂ ಇಲ್ಲ, ನಾಯಿಯೂ ಇಲ್ಲ! ಕ್ಯಾನರಿ ವಾರ್ಫಿನ ಬ್ಯಾಂಕಿನವರು ಕಾಫಿ ಲೋಟ ಹಿಡಿದು ಓಡುತ್ತಿದ್ದರು, ಅಷ್ಟೆ. ಆದರೆ ಮೂರು ಕಡೆ ಥೇಮ್ಸ್ ಇತ್ತು, ಅದಕ್ಕೆ ಕಡಲಿನಂತೆಯೇ ಉಬ್ಬರವಿಳಿತವಿತ್ತು. ಗಂಡ ಬಚಾವಾದ.

ದಂಡೆಗೆ ಬಂದು ಬೀಳುವ ಹರಕು ಬಲೆ, ಹಗ್ಗ, ಬೆಂಡು ಆರಿಸಿ ತಂದು ಮೀನು, ಆಮೆ ಹೆಣೆಯುವುದು ಅವಳ ಕೆಲಸ. ಕಲಿಸಿದವಳು ಅಜ್ಜಿ. ಅಜ್ಜಿಯ ಕಟ್ಟಪ್ಪಣೆಯೂ ಒಂದಿತ್ತು: ಕಡಲ ಜೀವವನ್ನು ಮಾಡಿದರೆ ಜನರಿಗಿಂತ ಮೊದಲು ನೀರಿಗೆ ತೋರಿಸಬೇಕು. ನೀರು ಮುಟ್ಟದ ಆಮೆ ಆಮೆಯಲ್ಲ, ಕಾಲೊರೆಸುವ ಚಾಪೆ.

ಆ ಶನಿವಾರ ಸಂಜೆ ಗ್ಯಾಲರಿಯೊಂದರಲ್ಲಿ ಅವಳ ಮೊಟ್ಟಮೊದಲ ಪ್ರದರ್ಶನ. ವರ್ಷವಿಡೀ ಹೆಣೆದ, ಮಂಚದಷ್ಟಗಲದ ಆಮೆಯೊಂದೇ ಅಲ್ಲಿ ಇಡುವುದಿತ್ತು. ಗಂಡನಿಗೆ ಸೊಂಟ ಹಿಡಿದಿತ್ತು. ಹಾಗಾಗಿ ಎದುರು ಫ್ಲ್ಯಾಟಿನ ವಿಜಯಪುರದ ನಿಜಲಿಂಗಪ್ಪನನ್ನು ಕರೆದಳು. ಅವನ ಮೇಲೆ ನಂಬಿಕೆಯಿಲ್ಲದೆ ಹೆಂಡತಿ ಗಿರಿಜಾದೇವಿಯೂ ಹಿಂದೆಯೇ ಬಂದಳು.

"ಸುಮ್ಮನೆ ನೀರು ಮುಟ್ಟಿಸು," ಎಂದು ಆಂಟಿ ನದಿಯ ಮೆಟ್ಟಿಲ ಮೇಲೆ ನಿಂತು, ಕಣ್ಣು ಮುಚ್ಚಿ ಅಜ್ಜಿಯ ಹಾಡು ಶುರುಮಾಡಿದಳು.

ನಿಜಲಿಂಗಪ್ಪ ಮೊಣಕಾಲುದ್ದ ನೀರಿಗಿಳಿದ. ಕೈಯಲ್ಲಿ ಭಾರದ ಮೂರ್ತಿ, ಮುಂದೆ ನೀರು, ಹಿಂದೆ ಹಾಡು. ವರ್ಷವರ್ಷ ಗಣಪತಿ ಕಳಿಸಿದ ಕೈಗೆ ಇನ್ನೇನು ಬೇಕು? ಮೂರು ಸಲ ಮುಳುಗಿಸಿದ. "ಗಣಪತಿ ಬಪ್ಪಾ ಮೋರಯಾ!" ಎಂದು ಕೂಗಿ ಬಿಟ್ಟೇಬಿಟ್ಟ!

ಆಂಟಿ ಕಣ್ಣು ತೆರೆದಾಗ ಅವನು ಕೈಮುಗಿದು ನಿಂತಿದ್ದ.

"ಆಮೆ ಎಲ್ಲಿ?"

"ಕಳಿಸಿದ್ನಲ್ರಿ ಆಂಟಿ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಉಬ್ಬರದ ಸೆಳೆತಕ್ಕೆ ಆಮೆ ಟವರ್ ಬ್ರಿಜ್ಜಿನ ಕಡೆ ಗಂಭೀರವಾಗಿ ಹೊರಟಿತ್ತು.

"ನಿಮ್ಮ ಕೈಯಾಗ ಏನ್ ಕೊಟ್ರೂ ನೀರಿಗೆ ಬಿಡೂದ ಏನ್ರೀ? ನಾಳೆ ನನ್ನೂ ಬಿಟ್ಟೀರಿ!" ಗಿರಿಜಾದೇವಿ ಹಣೆ ಚಚ್ಚಿಕೊಂಡಳು.

"ನೀ ತೇಲಂಗಿಲ್ಲ ತಗೋ," ಎನ್ನುತ್ತ ಅವನು ಅಂಗಿ ಬಿಚ್ಚಿದ.

"ಈಜು ಬರುತ್ತದೆಯೇ?" ಎಂದಳು ಆಂಟಿ.

"ಬಾವ್ಯಾಗ ಬರ್ತದ್ರಿ."

ಆಂಟಿ ತನ್ನ ದ್ವೀಪದ ಭಾಷೆಯಲ್ಲಿ ಬೈದಳು, ಮನಸಾರೆ ಬೈದಳು. ಉಸಿರು ತೆಗೆದುಕೊಳ್ಳಲು ನಿಂತಾಗ ನೀರಿನ ಮೇಲಿನ ಕಸಕಡ್ಡಿ ಕಣ್ಣಿಗೆ ಬಿತ್ತು. ಅದರ ಓಟ ನಿಧಾನವಾಗಿತ್ತು. ಉಬ್ಬರ ಮುಗಿಯುತ್ತ ಬಂದಿತ್ತು.

"ಕೂತ್ಕೋ. ನೀರು ಈಗ ತಿರುಗುತ್ತದೆ. ಒಯ್ದದ್ದನ್ನು ಅದೇ ತರಬೇಕು."

ಹಾಗೆಂದವಳೇ ಮೆಟ್ಟಿಲಂಚಿಗೆ ಹೋಗಿ ನದಿಯತ್ತ ಕತ್ತು ಚಾಚಿದಳು. ಬರದಿದ್ದರೆ? ಗ್ಯಾಲರಿಯಿಂದ ಫೋನ್ ಬಂತು. "ಆಮೆ ಹೊರಗೆ ಹೋಗಿದೆ, ಬಂದಕೂಡಲೇ ಹೊರಡುತ್ತೇವೆ," ಎಂದು ಇಟ್ಟಳು. ಗಿರಿಜಾದೇವಿ ಚಕ್ಕುಲಿ ಡಬ್ಬಿ ತೆಗೆದಳು. ಗಂಡನಿಗೆ ಒಂದೂ ಕೊಡಲಿಲ್ಲ.

ಚಕ್ಕುಲಿ ತೀರುವ ಹೊತ್ತಿಗೆ ಆಮೆ ಬಂತು! ಕೊರಳಿಗೆ ಪಾಚಿ, ಬೆನ್ನ ಮೇಲೆ ಬಾಡಿಗೆ ಕೊಟ್ಟವರಂತೆ ಕೂತ ಕಡಲಹಕ್ಕಿ. ನಿಜಲಿಂಗಪ್ಪ ಸೊಂಟದುದ್ದ ನೀರಿಗಿಳಿದು ಅಪ್ಪಿಕೊಂಡ.

ಪಾಚಿ ಕೀಳಲು ಹೋದವನ ಕೈಗೆ ಆಂಟಿ ಒಂದೇಟು ಕೊಟ್ಟಳು. ಇಷ್ಟು ವರ್ಷ ಅವಳ ಆಮೆಗಳು ನೀರು ಮುಟ್ಟಿದ್ದವು. ಈಜಿದ್ದು ಇದೊಂದೇ.

ಗ್ಯಾಲರಿಯ ನೆಲ ಒದ್ದೆಯಾಯಿತೆಂದು ಮ್ಯಾನೇಜರ್ ಕೂಗಾಡಿದ. "ಊರು ಸುತ್ತಿ ಬಂದದ, ದಣಿವಾರಿಸ್ಕೊಳ್ಳಾಕ ಬಿಡ್ರಿ!" ಎಂದು ನಿಜಲಿಂಗಪ್ಪ ಅವನಿಗಿಂತ ಜೋರಾಗಿ ಕೂಗಿದ.

ಈಗ ಆಂಟಿ ಶಾರ್ಕ್ ಹೆಣೆಯುತ್ತಿದ್ದಾಳೆ. ನೀರಿಗೆ ಬಿಡುವ ಕೆಲಸ ನಿಜಲಿಂಗಪ್ಪನದೇ. ಗಿರಿಜಾದೇವಿ ಉದ್ದನೆಯ ಹಗ್ಗ ತಂದಿಟ್ಟಿದ್ದಾಳೆ: ಒಂದು ತುದಿ ಶಾರ್ಕಿನ ಬಾಲಕ್ಕೆ, ಇನ್ನೊಂದು ಗಂಡನ ಸೊಂಟಕ್ಕೆ.

"ಹೋದ್ರ ಇಬ್ರೂ ಹೋಗ್ಲಿ," ಅನ್ನುತ್ತಾಳೆ. "ತಿರುಗಿ ಬರ್ತಾವಂತಲ್ಲ!"