ಕಿಟಕಿಯಿಂದ ಒಗೆದ ಬುತ್ತಿ

ಈ ಬರಹದಲ್ಲಿ ಘಟನೆಗಳು ಹಿಂದುಮುಂದಾಗಿದ್ದರೆ, ಎಲ್ಲಿಯಾದರೂ ಒಂದು ಪದ ತನ್ನ ಯೋಗ್ಯತೆಗೆ ಮೀರಿದ ಜಾಗದಲ್ಲಿ ಕುಳಿತಿದ್ದರೆ, ಓದುಗರು ಮನ್ನಿಸಬೇಕೆಂದು ಮೊದಲೇ ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಬರೆಯಲು ಕುಳಿತಾಗಲೆಲ್ಲ ಯಾರೋ ಬೆನ್ನ ಹಿಂದೆ ಕೆಂಪು ಪೆನ್ನು ಹಿಡಿದು ನಿಂತಿದ್ದಾರೆಂಬ ಅಳುಕು ಈ ವಯಸ್ಸಿನಲ್ಲಿಯೂ ನನ್ನನ್ನು ಬಿಟ್ಟಿಲ್ಲ. ಸರಳವಾಗಿದ್ದ ವಾಕ್ಯವನ್ನು ತಿದ್ದಿ ತಿದ್ದಿ ಯಾರಿಗೂ ತಿಳಿಯದಂತೆ ಮಾಡುವುದರಲ್ಲಿ ಅಣ್ಣ ನಿಸ್ಸೀಮನೆಂದು ನನ್ನ ತಂಗಿ ಕಸ್ತೂರಿ ಆಡಿಕೊಳ್ಳುತ್ತಾಳೆ.

ಆ ತಂಗಿಯೇ ಕಳೆದ ವಾರ ನಿಡಗುಂದಿಯಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದಳು. ಮುಚ್ಚಳ ತೆರೆಯುವ ಮುನ್ನವೇ ಹುರಿದ ಶೇಂಗಾ, ಬೆಲ್ಲ, ಏಲಕ್ಕಿಗಳ ವಾಸನೆ ಒಳಗೇನಿದೆ ಎಂಬುದನ್ನು ಸಾರಿಬಿಟ್ಟಿತ್ತು. ಮುಚ್ಚಳದ ಮೇಲೆ ಕಾಗದ ಅಂಟಿಸಿ, ಗುಂಡಗಿನ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಳು: ‘ಕಿಡಕ್ಯಾಗಿಂದ ಒಗೀಬ್ಯಾಡ್ರಿ.’

“ಏನ್ರೀ ಸರ್ ಇದು? ಹೋಳಿಗಿ ಅದಾವೋ ಬಾಂಬ್ ಅದಾವೋ?” ಎಂದರು ಕಂಡಕ್ಟರರು.

“ಇದಕ್ಕೊಂದು ಸುದೀರ್ಘ ಹಿನ್ನೆಲೆಯಿದೆ” ಎಂದೆ. ಅವರು ಸೀಟಿ ಊದಿ ಹೊರಟೇಹೋದರು. ನಿಮಗಾದರೂ ವ್ಯವಧಾನವಿದೆಯೆಂದು ಭಾವಿಸಿ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಮನೆ ಸಿಂದಗಿಯ ಒಂದು ಓಣಿಯಲ್ಲಿತ್ತು. ಅಪ್ಪ ಮನೆಯ ಮುಂಭಾಗದಲ್ಲಿಯೇ ಮಷಿನ್ನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಆ ಮನೆಯ ಸರಕಾರ. ಬೆಂಗಳೂರಿನಲ್ಲಿ ಸರಕಾರಗಳು ಬದಲಾಗುತ್ತಿದ್ದವು, ಇದು ಬದಲಾಗುತ್ತಿರಲಿಲ್ಲ.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಓದಿನ ವಿಷಯದಲ್ಲಿ ಅವಳ ಅಳತೆಗೋಲು ಅತ್ಯಂತ ಸ್ಪಷ್ಟವಾಗಿತ್ತು. ಮುಸ್ಸಂಜೆಗೆ ಮಕ್ಕಳು ಕಟ್ಟೆಯ ಮೇಲೆ ಕುಳಿತು ಪಾಠ ಒದರಬೇಕು, ಆ ಒದರುವಿಕೆ ಓಣಿಯ ಕೊನೆಯ ಮನೆಗೆ ಕೇಳಬೇಕು. ಕೇಳಿದರೆ ಅದು ಓದು. ಕೇಳದಿದ್ದರೆ ಅದು ಬರೀ ಕುಳಿತುಕೊಳ್ಳುವುದು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಇದೇ ಪದ್ಧತಿ. ದೀಪ ಹಚ್ಚುವ ಹೊತ್ತಿಗೆ ನಮ್ಮಲ್ಲಿ ವಿದ್ಯೆ ಎಂಬುದು ಸಂತೆಯ ಗದ್ದಲವನ್ನು ಮೀರಿಸುತ್ತಿತ್ತು.

ನಾನು ಸಣ್ಣವನಿದ್ದಾಗ ಈ ಕಲೆಯಲ್ಲಿ ಅಗ್ರಗಣ್ಯನಾಗಿದ್ದೆ. ಗಾಳಿಗೆ ಪುಸ್ತಕದ ಪುಟ ಮಗುಚಿ ಆಕಳಿನ ಪಾಠವಿದ್ದಲ್ಲಿ ರೈಲಿನ ಪಾಠ ಬಂದರೂ ನನ್ನ ಆಕಳು ಹುಲ್ಲು ತಿನ್ನುತ್ತಲೇ ಇರುತ್ತಿತ್ತು. ಆಯಿ ಎದುರುಮನೆಯವರಿಗೆ, “ನೋಡ್ರಿ, ಪುಸ್ತಕ ನೋಡದನಽ ಓದ್ತಾನ ನಮ್ಮ ಮೊಮ್ಮಗ!” ಎಂದು ಹೆಮ್ಮೆಪಡುತ್ತಿದ್ದಳು. ಆಕೆ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತೆಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ದಾಖಲಿಸುತ್ತೇನೆ. ಒಂದನೆಯ ಇಯತ್ತೆಯನ್ನು ಮೊದಲ ನಂಬರಿನಲ್ಲಿ ಮುಗಿಸಿದ ನಾನು, ಸೋಪಿನ ಪೊಟ್ಟಣದ ಮೇಲಿನ ಹೆಸರನ್ನು ಓದಲಾರದೆ ಅದನ್ನು ಮೂಸಿ ಗುರುತಿಸುತ್ತಿದ್ದೆ.

ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಕಸ್ತೂರಿ ಶಾಲೆ ಸೇರುವ ಹೊತ್ತಿಗೆ ಸರಕಾರ, ಬೆಂಗಳೂರಿನದು, ಓದು ಕಲಿಸುವ ರೀತಿಯನ್ನೇ ಬದಲಿಸಿತ್ತು. ಇಂಡಿ ಪಟ್ಟಣದಲ್ಲಿ ತರಬೇತಿ ಪಡೆದ ಶಿಕ್ಷಕಿ ಶಮಶಾದ್ ಅಕ್ಕೋರು ಹೊಸದಾಗಿ ಬಂದಿದ್ದರು. ಮುದ್ದೇಬಿಹಾಳದವರು, ಮಾತು ಮೆದು. ಬಂದವರೇ ಮಕ್ಕಳನ್ನು ಸಾಲಾಗಿ ಕೂಡಿಸುವುದನ್ನು ಬಿಟ್ಟು ನೆಲದ ಮೇಲೆ ದುಂಡಗೆ ಕೂಡಿಸಿದರು, ಕೈಗೆ ರಟ್ಟಿನ ಅಕ್ಷರಗಳನ್ನು ಕೊಟ್ಟರು. ಅ, ಆ, ಇ, ಈ ಎಂಬ ಪುರಾತನ ಮೆರವಣಿಗೆ ನಿಂತುಹೋಯಿತು. ಬರೆಯಲು ಸುಲಭವಾದ, ಕೂಡಿಸಿದರೆ ಬೇಗ ಪದಗಳಾಗುವ ಅಕ್ಷರಗಳು ಮೊದಲು ಬಂದವು: ರ, ಗ, ಸ, ದ, ಅ, ಅವುಗಳ ಬೆನ್ನಿಗೆ ಜ, ವ, ಮ, ಬ, ನ.

ಈ ಬದಲಾವಣೆಯನ್ನು ಪಾಲಕರಿಗೆ ತಿಳಿಸುವ ಒಂದು ಸೂಚನಾ ಪತ್ರ ಮನೆಗೆ ಬಂದಿತು. ಆಗಷ್ಟೇ ಬಿ.ಎ. ಸೇರಿದ್ದ ನಾನು ಅದನ್ನು ಕಟ್ಟೆಯ ಮೇಲೆ ನಿಂತು ಓಣಿಗೆ ಕೇಳುವಂತೆ ಓದಿದೆ. ಕಂಠಪಾಠ ಒಪ್ಪಿಸುವುದು ಓದಲ್ಲ, ಮಗು ಹಿಂದೆ ಕಂಡಿರದ ಪದವನ್ನು ತಾನಾಗಿ ಓದಬೇಕು, ಅದೇ ಕಲಿಕೆಗೆ ಪುರಾವೆ ಎಂಬುದು ಅದರ ಸಾರಾಂಶ.

“ಪುರಾವೆ ಕೇಳೂದು ಕೋರ್ಟಿನ್ಯಾಗ” ಎಂದಳು ಆಯಿ. “ನಮ್ಮ ಹುಡುಗಿ ಏನ್ ಖೂನಿ ಮಾಡ್ಯಾಳ?”

“ಆಯಿ, ಇದು ಪ್ರಮಾಣಬದ್ಧವಾಗಿ ಪರೀಕ್ಷಿಸಲ್ಪಟ್ಟ ಬೋಧನಾ ಕ್ರಮ” ಎಂದೆ.

“ತಮ್ಮಾ, ನೀ ಬಿ.ಎ. ಹಚ್ಚಿದಾಗಿಂದ ನೀ ಮಾತಾಡೂದು ನಮ್ಮ ಎಮ್ಮಿಗೂ ತಿಳಿವಲ್ದು.”

ಎಮ್ಮೆ ಆ ಕ್ಷಣವೇ ತಲೆ ಅಲ್ಲಾಡಿಸಿತು. ಅಪ್ಪ ಮಷಿನ್ನಿನ ಸದ್ದು ಜೋರು ಮಾಡಿದ. ನಗುವನ್ನು ಮುಚ್ಚಿಕೊಳ್ಳಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

ಮರುದಿನ ಆಯಿ ಖುದ್ದಾಗಿ ಶಾಲೆಯ ತಪಾಸಣೆಗೆ ಹೊರಟಳು. ಹಿಂದಿನ ಮಾಸ್ತರರ ಕಾಲದಲ್ಲಿ ಮೂರು ಓಣಿಯಾಚೆಗೆ ಕೇಳುತ್ತಿದ್ದ ಶಾಲೆ ಅದು. ಈಗ ಬಾಗಿಲಿಗೆ ಬಂದು ನಿಂತರೂ ಒಳಗಿನಿಂದ ಗುಜುಗುಜು ಮಾತ್ರ.

“ಏನ್ರಿ ಅಕ್ಕೋರ, ಹುಡುಗೂರಿಗಿ ಆರಾಮಿಲ್ಲೇನ್ರಿ? ನೆಲದಾಗ ಕುಂತು ಆಣಿಕಲ್ಲ ಆಡಾಕತ್ಯಾವ.”

“ಆಡಾಕತ್ತಿಲ್ರಿ ಅಮ್ಮಾ, ಓದಾಕತ್ಯಾವ.”

“ಓದಾಕತ್ತಿದ್ರ ದನಿ ಎಲ್ಲೈತಿ?”

“ಓದೂದು ಕಣ್ಣಿಲೇರಿ” ಎಂದು ಅಕ್ಕೋರು ನಕ್ಕರು.

“ಕಣ್ಣಿಲೆ ಓದಿದ್ರ ಓಣ್ಯಾಗಿನ ಮಂದಿಗಿ ಹೆಂಗ ಕೇಳ್ಬೇಕ್ರಿ? ಮತ್ತ ಅ ಆ ಬಿಟ್ಟು ರ ಗ ಅಂತ ಸುರು ಮಾಡೀರಂತ. ಹೆತ್ತವ್ವನ ಬಿಟ್ಟು ಮದಲ ಬೀಗರನ್ನ ಮಾತಾಡ್ಸಿದಂಗ ಆತು.”

“ಸ್ವಲ್ಪ ದಿನ ತಡೀರಿ ಅಮ್ಮಾ. ಹುಡುಗಿ ತಾನಽ ಓದಿ ತೋರಸ್ತಾಳ.”

ತಡೆಯುವುದು ಆಯಿಯ ಜಾಯಮಾನವಲ್ಲ. ಅದೇ ಸಮಯಕ್ಕೆ ಬಸವನ ಬಾಗೇವಾಡಿಯಲ್ಲಿದ್ದ ನಮ್ಮ ಸೋದರತ್ತೆಯಿಂದ ಹೇಳಿಕೆ ಬಂದಿತ್ತು. ಅತ್ತೆ ಬಾಣಂತನ ಮುಗಿಸಿ ತನ್ನ ಬಳೆ ಅಂಗಡಿಯಲ್ಲಿ ಕೂಡಬೇಕಾಗಿತ್ತು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆಯಿ ತೀರ್ಪು ಕೊಟ್ಟಳು: “ಸಾಲ್ಯಾಗ ಸುಮ್ಮ ಕುಂದ್ರೂದೂ ಒಂದ, ಬಾಗೇವಾಡ್ಯಾಗ ತೊಟ್ಟಿಲ ತೂಗೂದೂ ಒಂದ. ಅಲ್ಲೆರೆ ಕೂಸು ಮಲಗತೈತಿ.”

ಕಸ್ತೂರಿ ರಟ್ಟಿನ ಅಕ್ಷರಗಳನ್ನು ಎದೆಗವಚಿಕೊಂಡು, “ನಾ ಒಲ್ಲೆ, ನಾ ಸಾಲಿ ಬಿಡಂಗಿಲ್ಲ” ಎಂದು ಅತ್ತಳು. ಅವ್ವ ತನ್ನ ಅತ್ತೆಯಾದ ಆಯಿಯ ಎದುರು ಮಾತಾಡುವವಳಲ್ಲ. ಒಲೆಯ ಮುಂದೆ ನನ್ನನ್ನು ಕರೆದು, “ನೀ ಕಲತಾಂವ ಅದಿ, ನೀನರ ಒಂದ ಮಾತ ಹೇಳೋ. ಒಮ್ಮಿ ಬಿಡಿಸಿದ್ರ ಮತ್ತ ಯಾರೂ ಕಳಸೂದಿಲ್ಲ” ಎಂದಳು. ಅವಳು ಹೇಳಿದ್ದು ಸತ್ಯ. ತೊಟ್ಟಿಲು ತೂಗಲು ಹೋದ ಹುಡುಗಿ ಮರಳಿ ಶಾಲೆಗೆ ಬಂದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ನಾನು ಶಿಕ್ಷಣದ ಮಹತ್ವವನ್ನು ಕುರಿತು ಆಯಿಯ ಮುಂದೆ ಒಂದು ಭಾಷಣವನ್ನೇ ಮಾಡಿದೆ. ಮುಗಿದ ಮೇಲೆ ಆಯಿ, “ಛಲೋ ಮಾತಾಡಿದಿ. ನಾಳೆ ಗಂಟು ಹೊರಾಕ ನೀನೂ ಬಾ” ಎಂದಳು.

ಹಾಗೆ ನಾವು ಮೂವರು, ಅತ್ತೆಗೆಂದು ಕಟ್ಟಿದ ಹೋಳಿಗೆಯ ಬುತ್ತಿಗಂಟಿನೊಂದಿಗೆ, ಸಿಂದಗಿಯ ಬಸ್ ನಿಲ್ದಾಣಕ್ಕೆ ಬಂದೆವು.

ನಮ್ಮ ಕಡೆ ಬಸ್ಸು ಹತ್ತುವ ವಿಧಾನವನ್ನು ಅರಿಯದವರಿಗಾಗಿ ಎರಡು ಮಾತು. ಬಸ್ಸು ಇನ್ನೂ ಉರುಳುತ್ತಿರುವಾಗಲೇ ಕಿಟಕಿಯಿಂದ ಟವೆಲ್ಲನ್ನೋ ಚೀಲವನ್ನೋ ಒಳಗೆ ಒಗೆಯಬೇಕು. ಅದು ಬಿದ್ದ ಆಸನ ನಿಮ್ಮದು. ಇದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಲಾರದು. ಬಸ್ಸು ಎಲ್ಲಿಗೆ ಹೋಗುತ್ತದೆಂಬುದನ್ನು ಆಮೇಲೆ ವಿಚಾರಿಸಿಕೊಳ್ಳಬಹುದು. ಒಗೆಯುವುದರಲ್ಲಿ ಆಯಿಯ ಗುರಿ ಇಡೀ ತಾಲೂಕಿಗೆ ಹೆಸರಾಗಿತ್ತು.

ನಾನು ಕ್ರಮಬದ್ಧವಾಗಿ ವಿಚಾರಿಸಲೆಂದು ಕಿಂಡಿಯ ಬಳಿಗೆ ಹೋದೆ. “ಮಾನ್ಯರೇ, ಬಸವನ ಬಾಗೇವಾಡಿಗೆ ತೆರಳುವ ವಾಹನ ಯಾವಾಗ ಆಗಮಿಸುತ್ತದೆ?”

ಒಳಗಿದ್ದವರು ಚಹಾದ ಬಸಿ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. “ಬಂದ ಮ್ಯಾಲ ಬರತೈತಿ. ನೀ ರೇಡಿಯೋದಾಂವ ಏನೋ ತಮ್ಮಾ?”

ತಿರುಗಿ ನೋಡಿದರೆ ಒಂದು ಬಸ್ಸು ಬಂದಿತ್ತು, ಆಯಿಯ ಹೋಳಿಗೆಯ ಗಂಟು ಆಗಲೇ ಕಿಟಕಿಯೊಳಗೆ ಸೇರಿತ್ತು. ಆಯಿಯ ಒಂದು ಕಾಲು ಮೆಟ್ಟಿಲ ಮೇಲೆ. ಕಸ್ತೂರಿ ಎರಡೂ ಕೈಗಳಿಂದ ಆಕೆಯ ಸೆರಗು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು.

“ಇದು ನಮ್ಮ ಬಸ್ಸಲ್ಲ ಆಯಿ! ಇದರಾಗ ಬಸವನ ಇಲ್ಲ! ಬ ಇಲ್ಲ, ಸ ಇಲ್ಲ, ಏನೂ ಇಲ್ಲ!”

“ಹೋಗೂದು ತಪ್ಪಸ್ಬೇಕಂತ ಸುಳ್ಳ ಹೇಳ್ತಿ? ಬಿಡ ಸೆರಗ, ಹಾಟ್ಯಾನಕಿ!”

“ತಾಳಿಕೋಟಿ, ತಾಳಿಕೋಟಿ! ಹತ್ತೋರು ಹತ್ರಿ!” ಎಂದು ಕಂಡಕ್ಟರ್ ಕೂಗಿದ.

ಆಯಿ ಕಾಲು ಕೆಳಗಿಟ್ಟಳು. ಹಿಂದಿದ್ದ ಜನ ನುಗ್ಗಿದರು, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಗಂಟು ತೊಡೆಯ ಮೇಲೆ ಬಿದ್ದಿದ್ದ ಪ್ರಯಾಣಿಕನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, “ಏ ಅಮ್ಮಾ, ಶೇಂಗಾ ಹೋಳಿಗಿ ಏನ್ರಿ?” ಎಂದು ಕೇಳಿದ. ಉತ್ತರಕ್ಕೆ ಆತ ಕಾಯಲಿಲ್ಲವೆಂದು ಅವನ ತುಂಬಿದ ಬಾಯಿ ಹೇಳುತ್ತಿತ್ತು.

ಆಯಿ ಯಾರನ್ನೂ ಬೈಯದೆ ಕಲ್ಲಿನ ಬೆಂಚಿನ ಮೇಲೆ ಕುಳಿತು, ಕಸ್ತೂರಿ ಜಗ್ಗಿದ ಸೆರಗನ್ನು ಸರಿಪಡಿಸಿಕೊಂಡಳು. ಅದು ನಮ್ಮ ಮನೆತನದ ಇತಿಹಾಸದಲ್ಲಿಯೇ ಅಪೂರ್ವ ಸಂಗತಿ. ಬಸ್ಸುಗಳು ಬಂದವು, ಹೋದವು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಮರ್ಯಾದೆ ಬಿಟ್ಟು ಬೋರ್ಡು ನೋಡಲು ಹೋಗಲಿಲ್ಲ. ಅಷ್ಟರಲ್ಲಿ ಕಸ್ತೂರಿ ಬೆಂಚಿನ ಮೇಲೆ ಎದ್ದು ನಿಂತು ಕುಣಿಯತೊಡಗಿದಳು.

“ಬಂತು ಆಯಿ, ಬಂತು! ಬ, ಸ, ವ, ನ. ಬಸವನ!”

ನಮ್ಮ ಕಡೆ ಆ ಊರಿನ ಹೆಸರನ್ನು ಮೊಟಕುಗೊಳಿಸಿ ಬರೆಯುವುದೇ ಹೆಚ್ಚು. ಪುಣ್ಯಕ್ಕೆ ಆ ದಿನದ ಬೋರ್ಡಿನಲ್ಲಿ ಪೂರ್ತಿ ಬರೆದಿದ್ದರು.

“ಅದರ ಮುಂದ ಏನೈತಿ?” ಆಯಿ ಕೇಳಿದಳು.

“ಮುಂದಿಂದು ಅಕ್ಕೋರು ಇನ್ನೂ ಕಲಿಸಿಲ್ಲ.”

ಆಯಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲ ಹುಡುಗಿ, ನೀ ಬಾಗೇವಾಡಿಗಿ ಒಲ್ಲೆ ಅಂತ ಅಳ್ತಿದ್ದಿ. ಸುಮ್ಮ ಕುಂತಿದ್ರ ಈ ಬಸ್ಸೂ ಹೋಗ್ತಿತ್ತು. ಮತ್ಯಾಕ ಒದರಿದಿ?”

ಕಸ್ತೂರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬರದೈತೆಲ್ಲ ಆಯಿ” ಎಂದಳು.

ಆಯಿ ಆ ಬಸ್ಸಿನ ಕಿಟಕಿಯೊಳಗೆ ಏನನ್ನೂ ಒಗೆಯಲಿಲ್ಲ. ಮೊಮ್ಮಗಳ ಕೈ ಹಿಡಿದು ಬಾಗಿಲಿನಿಂದಲೇ ಹತ್ತಿದಳು, ಇಡೀ ದಾರಿ ನಿಂತೇ ಬಂದಳು. ಬಾಗೇವಾಡಿಯಲ್ಲಿ ಕೂಸನ್ನು ಎತ್ತಿ ಮುದ್ದಾಡಿ, ಮತ್ತೆ ತೊಟ್ಟಿಲಲ್ಲಿ ಮಲಗಿಸಿ ಅತ್ತೆಗೆ ಹೇಳಿದಳು: “ತೊಟ್ಟಿಲ ಅಂಗಡ್ಯಾಗ ಕಟ್ಟಿ ನೀನಽ ತೂಗವ್ವ. ಇಕಿದು ಬರೇ ‘ಬಸವನ’ ಆಗೈತಿ, ‘ಬಾಗೇವಾಡಿ’ ಇನ್ನೂ ಉಳದೈತಿ.”

“ಹೋಳಿಗಿ ಎಲ್ಲವ್ವ ಯವ್ವಾ?” ಅತ್ತೆ ಕೇಳಿದಳು.

“ತಾಳಿಕೋಟಿಗಿ ಕಳಿಸೇನಿ” ಎಂದಳು ಆಯಿ, ಅಲ್ಲಿ ಬೀಗರಿದ್ದಾರೇನೋ ಎಂಬಂತೆ.

ಮರಳುವಾಗ ‘ಸಿಂದಗಿ’ ಎಂಬ ಬೋರ್ಡನ್ನು ಓದುವ ಜವಾಬ್ದಾರಿಯೂ ಕಸ್ತೂರಿಗೇ ಬಂತು. ಅವಳಿಗೆ ಇನ್ನೂ ಅಷ್ಟು ಬರುತ್ತಿರಲಿಲ್ಲ. ಆಯಿ ಒಲ್ಲದ ಮನಸ್ಸಿನಿಂದ ನನ್ನ ಕಡೆಗೆ ತಿರುಗಿ, “ಬಿ.ಎ., ನೀ ನೋಡು” ಎಂದಳು. ನನ್ನ ಬಿ.ಎ.ಗೆ ಮನೆಯಲ್ಲಿ ದೊರೆತ ಮೊದಲ ಮನ್ನಣೆ ಅದು.

ಈಗ ಡಬ್ಬಿಯಲ್ಲಿ ಎರಡು ಹೋಳಿಗೆ ಮಾತ್ರ ಉಳಿದಿವೆ. ಇದನ್ನು ಬರೆಯುತ್ತಿರುವಾಗ ನಾನು ಮುಚ್ಚಳದ ಮೇಲಿನ ಆ ಕಾಗದವನ್ನು ಎಷ್ಟೋ ಸಲ ಓದಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಮೇಲಿನ ನನ್ನ ವಾಕ್ಯಗಳಲ್ಲಿ ಕೆಲವನ್ನಾದರೂ ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.

ಆ ಪ್ರಯಾಣದ ನಂತರ ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಕಸ್ತೂರಿ ಶಾಲೆ ಬಿಡಲಿಲ್ಲ. ಈಗ ನಿಡಗುಂದಿಯ ಕಡೆ ಒಂದನೆಯ ಇಯತ್ತೆಗೆ ಪಾಠ ಹೇಳುತ್ತಾಳೆ. ತೊಟ್ಟಿಲಿನಲ್ಲಿದ್ದ ಆ ಹೆಣ್ಣುಕೂಸು ಶಾಲೆಯ ವಯಸ್ಸಿಗೆ ಬಂದಾಗ ನಮ್ಮ ಮನೆಯಲ್ಲಿದ್ದುಕೊಂಡು ಶಮಶಾದ್ ಅಕ್ಕೋರ ಬಳಿಯೇ ಓದು ಕಲಿತಳು. ಕೂಸು ಆಡಿಸಲಿಕ್ಕೆಂದು ನಮ್ಮ ಮನೆಯ ಯಾವ ಹುಡುಗಿಯನ್ನೂ ಆಮೇಲೆ ಶಾಲೆಯಿಂದ ಬಿಡಿಸಲಿಲ್ಲ. ಆಯಿ, ಇರುವಷ್ಟು ಕಾಲ, ಬೋರ್ಡು ಓದಿಸಿದ ಮೇಲೆಯೇ ಗಂಟು ಒಗೆದಳು.